ಗ್ಲಿಂಡಾ ಮೊದಲೇ ಯಾಕೆ ಹೇಳಲಿಲ್ಲ?

ನಿನ್ನೆ ರಾತ್ರಿ ಬಾಗಲಕೋಟೆಯ ನವನಗರದ ಮನೆಯಲ್ಲಿ, ಮಗಳ ಜೊತೆ ಕೂತು 1939ರ ‘ದಿ ವಿಝಾರ್ಡ್ ಆಫ್ ಆಜ್’ ಸಿನಿಮಾ ನೋಡಿದೆ. ಸುಂಟರಗಾಳಿಗೆ ಸಿಕ್ಕಿ ಆಜ್ ಅನ್ನೋ ಮಾಯಾಲೋಕಕ್ಕೆ ಬಂದ ಹುಡುಗಿ ಡೊರೊಥಿಗೆ, ಒಳ್ಳೆಯ ಮಾಟಗಾತಿ ಗ್ಲಿಂಡಾ ಶುರುವಿನಲ್ಲೇ ಮಾಯದ ಕೆಂಪು ಚಪ್ಪಲಿ ತೊಡಿಸುತ್ತಾಳೆ. ಕೊನೆಗೆ ಅವಳೇ ಬಂದು, ಆ ಚಪ್ಪಲಿ ಮೊದಲ ದಿನವೇ ಡೊರೊಥಿಯನ್ನು ಊರಿಗೆ ಮುಟ್ಟಿಸಬಹುದಿತ್ತು ಅನ್ನುತ್ತಾಳೆ. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಚೂರು ಮಗಳ ಕೈಯಲ್ಲೇ ಉಳಿಯಿತು. ‘ಮತ್ತ ಮೊದಲ ಯಾಕ ಹೇಳ್ಲಿಲ್ಲ?’ ಎಂದಳು. ಕಣ್ಣಲ್ಲಿ ನೀರು. ಡೊರೊಥಿ ತಾನೇ ಕಲಿಯಬೇಕಿತ್ತು ಅನ್ನೋದು ಸಿನಿಮಾದ ಉತ್ತರ. ನನಗೂ ಅದು ಸಾಲದು.

1900ರಲ್ಲಿ ಅಮೆರಿಕದ ಲೇಖಕ ಎಲ್. ಫ್ರಾಂಕ್ ಬಾಮ್ ಬರೆದ ಮೂಲ ಕಥೆಯಲ್ಲಿ ಈ ತೂತು ಇಲ್ಲವೇ ಇಲ್ಲ. ಅಲ್ಲಿ ಒಳ್ಳೆಯ ಮಾಟಗಾತಿಯರು ಇಬ್ಬರು. ಶುರುವಿನಲ್ಲಿ ಸಿಗುವ ಉತ್ತರದ ಮುದುಕಿಗೆ ಬೆಳ್ಳಿ ಚಪ್ಪಲಿಯಲ್ಲಿ ಏನೋ ಮಾಯೆ ಇದೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಗುಟ್ಟು ಗೊತ್ತಿರುವ ಗ್ಲಿಂಡಾ ಇರೋದು ದಕ್ಷಿಣದಲ್ಲಿ, ಸಿಗೋದು ಕೊನೆಗೆ. ಸಿನಿಮಾದವರು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದರು. ತೂತು ಬಿದ್ದದ್ದು ಅಲ್ಲೇ. ಆಮೇಲೆ ಬಂದ, ಇದೇ ಕಥೆಯನ್ನು ಮಾಟಗಾತಿಯರ ಕಡೆಯಿಂದ ಹೇಳುವ ‘ವಿಕೆಡ್’ನಲ್ಲೂ ಗ್ಲಿಂಡಾ ಒಬ್ಬಳೇ. ಹೀಗೆ ಒಂದು ಪಾತ್ರ ತೆಗೆದರೆ ಇನ್ನೊಂದು ಪಾತ್ರ ಸುಮ್ನೆ ಕೆಟ್ಟದಾಗಿ ಕಾಣುತ್ತೆ, ಅಲ್ವಾ?

ಇವತ್ತು ಪುಸ್ತಕದ ಮೊದಲ ಅಧ್ಯಾಯಗಳನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಉತ್ತರದ ಮುದುಕಿ ಡೊರೊಥಿಯ ಹಣೆಗೆ ಮುತ್ತು ಕೊಡುವ ಕಡೆ ಬಂದಾಗ, ಅವಳೂ ತನ್ನ ಹಣೆ ಮುಟ್ಟಿ ನೋಡಿಕೊಂಡಳು.