ಸ್ಯಾಂಪಲ್ ಬಂದರೆ ಮೊದಲು ಗೀಚಿ ನೋಡಿ

ಕಟ್ಟಡಗಳಿಗೆ ಕಲ್ಲು, ಮರ, ಹ್ಯಾಂಡಲ್ ಆರಿಸುವ ನಮ್ಮ ಕೆಲಸದಲ್ಲಿ ಸ್ಯಾಂಪಲ್ ಬಂತು ಅಂದ್ರೆ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ನಾನು ಬೀಗದ ಕೈ ತೆಗೆದು ಒಂದು ಮೂಲೆಯಲ್ಲಿ ಗೀಚುತ್ತೇನೆ. ಗೀರಿನ ಒಳಗೆ ಏನು ಕಾಣುತ್ತದೆ ಅನ್ನೋದರಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಅಪಾರ್ಟ್‌ಮೆಂಟಿನ ಲಾಬಿಗೆ ಈಗ ಎಲ್ಲರಿಗೂ ‘ಪ್ರಕೃತಿ’ ಲುಕ್ ಬೇಕು. ಮರದ ಗೆರೆ, ಕಲ್ಲಿನ ಒರಟು. ಒಳ್ಳೆಯದೇ. ಆದರೆ ಲಿಫ್ಟ್ ಪಕ್ಕದ ಗೋಡೆಗೆ ಸೈಕಲ್, ಸೋಫಾ ಎಲ್ಲಾ ಉಜ್ಜಿಕೊಂಡೇ ಹೋಗುತ್ತವೆ. ಅಸಲಿ ಕಲ್ಲಿಗೆ ಗೀರು ಬಿದ್ದರೆ ಒಳಗೂ ಕಲ್ಲೇ. ಮರದ ಚಿತ್ರ ಅಂಟಿಸಿದ ಹಲಗೆಯಾದರೆ ಒಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಲ್ಲು ಕಿರಿಯುತ್ತದೆ. ನೀರು ಕುಡಿದು ಒಮ್ಮೆ ಉಬ್ಬಿದರೆ ಅದು ಮತ್ತೆ ಮೊದಲಿನ ಹಾಗೆ ಆಗೋದಿಲ್ಲ.

ಹಾಗಂತ ಅಸಲಿದೆಲ್ಲ ಎಲ್ಲ ಕಡೆಗೂ ಸರಿ ಅಂತಲ್ಲ. ಮಾರ್ಬಲ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ (Mohs) ಅಳತೆಯಲ್ಲಿ ಸುಮಾರು 3, ಗ್ರಾನೈಟ್‌ನದು 6ರಿಂದ 7. ಚಪ್ಪಲಿಗೆ ಅಂಟಿ ಬರುವ ಮರಳಿನಲ್ಲಿ ಜಾಸ್ತಿ ಇರೋದು ಕ್ವಾರ್ಟ್ಜ್, ಅದರ ಗಡಸುತನ 7. ಬಾಗಿಲ ಬಳಿ ಮಾರ್ಬಲ್ ಬೇಗ ಯಾಕೆ ಮಂಕಾಗುತ್ತದೆ ಅಂತ ಇನ್ನು ಹೇಳಬೇಕಿಲ್ಲ ಅಲ್ವಾ? ಮೇಲಿಂದ ಆಸಿಡ್ ಹಾಕಿ ತೊಳೆದರಂತೂ ಮುಗೀತು. ಮಾರ್ಬಲ್ ಗೋಡೆಗಿರಲಿ, ನೆಲಕ್ಕೆ ಗ್ರಾನೈಟ್ ಹಾಕಿ.

ಮರದ ಬಾಗಿಲಿನಲ್ಲಿ ನಾನು ಬಗ್ಗಿ ನೋಡೋದು ಅದರ ಕೆಳ ಅಂಚನ್ನು. ಎರಡೂ ಮುಖಕ್ಕೆ ಚೆಂದವಾಗಿ ಪಾಲಿಶ್ ಬಿದ್ದಿರುತ್ತದೆ, ಅಂಚು ಮಾತ್ರ ಬೋಳು. ನೆಲ ಒರೆಸಿದ ನೀರು ಒಳಗೆ ಹೋಗೋದೇ ಅಲ್ಲಿಂದ. ಆದ್ದರಿಂದ ಬಾಗಿಲು ನಿಲ್ಲಿಸುವ ಮೊದಲೇ ಆ ಅಂಚಿಗೆ ನೀರು ತಡೆಯುವ ಸೀಲರ್ ಹಚ್ಚಿಸುತ್ತೇನೆ.

ಇನ್ನು ಹಾರ್ಡ್‌ವೇರ್, ಅಂದ್ರೆ ಹ್ಯಾಂಡಲ್, ಹಿಂಜ್ ಇತ್ಯಾದಿ. ಇಲ್ಲಿ ಉಳಿಸಲು ಹೋದವರು ಕೈ ಸುಟ್ಟುಕೊಳ್ಳುತ್ತಾರೆ. ಬಾಗಿಲ ಹ್ಯಾಂಡಲ್‌ಗಳ ಯುರೋಪಿಯನ್ ಮಾನದಂಡವಾದ ಇಎನ್ 1906ರ ಪರೀಕ್ಷೆಯಲ್ಲಿ ಮೇಲಿನ ದರ್ಜೆ ಅಂದ್ರೆ 2,00,000 ಸಲ ಒತ್ತಿ ಬಿಡೋದು. ಕೇಳೋಕೆ ದೊಡ್ಡ ಸಂಖ್ಯೆ. ದೊಡ್ಡ ಕಟ್ಟಡದ ಮುಖ್ಯ ಬಾಗಿಲನ್ನು ದಿನಕ್ಕೆ 300 ಸಲ ತೆಗೆದರೆ ಎರಡು ವರ್ಷದೊಳಗೇ ಆ ಲೆಕ್ಕ ಮುಗಿಯುತ್ತದೆ! ಮರುದಿನವೇ ಮುರಿಯುತ್ತದೆ ಅಂತಲ್ಲ, ಅಲ್ಲಿಗೆ ಪರೀಕ್ಷೆಯ ಭರವಸೆ ಮುಗೀತು ಅಷ್ಟೇ. ಅದಕ್ಕೇ ಆ ಬಾಗಿಲಿಗೆ ನಾನು ತಿರುಗುವ ಹ್ಯಾಂಡಲ್ ಹಾಕಿಸೋದೇ ಇಲ್ಲ. ಎಳೆಯೋಕೆ ಒಂದು ಗಟ್ಟಿ ಹಿಡಿಕೆ, ಮೇಲೆ ಡೋರ್ ಕ್ಲೋಸರ್, ಬಾಲ್ ಬೇರಿಂಗ್ ಹಿಂಜ್. ಸವೆಯುವ ಭಾಗ ಕಡಿಮೆ ಇದ್ದಷ್ಟೂ ತಲೆನೋವು ಕಡಿಮೆ.

ಸ್ಟೇನ್‌ಲೆಸ್ ಸ್ಟೀಲ್ ವಿಷಯದಲ್ಲಿ ಮ್ಯಾಗ್ನೆಟ್ ನಂಬಬೇಡಿ. ಸಾಮಾನ್ಯವಾಗಿ ಅದು 304 ಗ್ರೇಡಿಗೂ ಅಂಟಲ್ಲ, ಅದಕ್ಕಿಂತ ಬೇಗ ತುಕ್ಕು ಹಿಡಿಯುವ 202 ಗ್ರೇಡಿಗೂ ಅಂಟಲ್ಲ. ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಸಮುದ್ರದ ಗಾಳಿ ಇದ್ದರೆ, ಈಜುಕೊಳ ಹತ್ತಿರ ಇದ್ದರೆ 316 ಗ್ರೇಡ್ ಬೇಕು. ಅದರಲ್ಲಿರುವ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಲೋಹ ಉಪ್ಪಿನ ಹೊಡೆತ ತಡೆಯುತ್ತದೆ. ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ಇಲ್ಲದ ಹಿತ್ತಾಳೆ ನನಗೆ ಇಷ್ಟ. ಕೈ ತಾಗುವ ಕಡೆ ಹೊಳೆಯುತ್ತಾ, ಉಳಿದ ಕಡೆ ಕಪ್ಪಾಗುತ್ತಾ ಹೋಗುತ್ತದೆ. ಇದನ್ನು ನಿವಾಸಿಗಳಿಗೆ ಮೊದಲೇ ಹೇಳಿಬಿಡಿ. ಇಲ್ಲಾಂದ್ರೆ ‘ಹಳೇ ಮಾಲು ಹಾಕಿದ್ದಾರೆ’ ಅಂತ ದೂರು ಬರುತ್ತದೆ.

ಹ್ಯಾಂಡಲ್, ಹಿಂಜ್ ಪಟ್ಟಿಯಲ್ಲಿ ಸ್ಕ್ರೂ ಯಾವ ಗ್ರೇಡ್ ಅಂತಲೂ ಬರೆಸಿ. ಬರೆಯದಿದ್ದರೆ ಸೈಟಿನಲ್ಲಿ ಕೈಗೆ ಸಿಕ್ಕ ಕಬ್ಬಿಣದ ಸ್ಕ್ರೂ ಬೀಳುತ್ತದೆ. ಓಕ್‌ನಂಥ ಟ್ಯಾನಿನ್ (ಮರದಲ್ಲಿನ ಒಗರು ಅಂಶ) ಜಾಸ್ತಿ ಇರುವ ಮರವಾದರೆ, ತೇವ ತಾಗಿದಾಗ ಸ್ಕ್ರೂ ಸುತ್ತ ಕಪ್ಪು ಕಲೆ ಏಳುತ್ತದೆ. ಎಷ್ಟು ಉಜ್ಜಿದರೂ ಪೂರ್ತಿ ಹೋಗೋದು ಕಷ್ಟ.