ಮೇಲೆ ಷ, ಕೆಳಗೆ ಶ

2016ರ ಸೆಪ್ಟೆಂಬರ್. ನಾನು ಚೀನಾದ ನಾನ್‌ಜಿಂಗ್‌ಗೆ ಬಂದು ಎರಡು ವಾರವೂ ಆಗಿರಲಿಲ್ಲ. ಊರಲ್ಲಿ ಕಾವೇರಿ ಗಲಾಟೆ. 12ನೇ ತಾರೀಖು ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದವು. ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ನಾಲೆ ನೀರು ಬಂದರೆ ಭತ್ತ, ಇಲ್ಲದಿದ್ದರೆ ಇಲ್ಲ. ಅಪ್ಪ ಫೋನ್ ಮಾಡಿ, "ಇಲ್ಲೆಲ್ಲಾ ಬಂದ್ ಕಣವ್ವ, ನೀನು ಉಂಡ್ಯಾ?" ಅಂದರು. ಫೋನ್ ಇಟ್ಟ ಮೇಲೆ ರೂಮ್‌ಮೇಟ್ ಏನಾಯ್ತು ಅಂತ ಕೇಳಿದಳು. ನನಗೆ ಬರುತ್ತಿದ್ದ ಚೈನೀಸ್‌ನಲ್ಲಿ ಕಾವೇರಿ ಜಗಳ ಹೇಳಿ ಮುಗಿಸಲು ಒಂದು ಗಂಟೆ ಹಿಡಿಯಿತು.

ನಾನು ಓದಿದ್ದು ಹಾಪ್ಕಿನ್ಸ್-ನಾನ್‌ಜಿಂಗ್ ಸೆಂಟರ್‌ನಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯಗಳು ಸೇರಿ 1986ರಲ್ಲಿ ಶುರು ಮಾಡಿದ ಜಾಗ. ಅಲ್ಲಿನ ಪದ್ಧತಿಯೇ ಬೇರೆ. ಹೊರಗಿನಿಂದ ಬಂದ ನಮಗೆ ಚೀನಾದ ಮೇಷ್ಟ್ರುಗಳು ಚೈನೀಸ್‌ನಲ್ಲಿ ಪಾಠ ಮಾಡುತ್ತಾರೆ. ಚೀನಾದ ಹುಡುಗ ಹುಡುಗಿಯರಿಗೆ ಹೊರಗಿನ ಮೇಷ್ಟ್ರುಗಳು ಇಂಗ್ಲಿಷ್‌ನಲ್ಲಿ. ಒಂದು ರೂಮಿನಲ್ಲಿ ಅವರಲ್ಲೊಬ್ಬರು, ನಮ್ಮಲ್ಲೊಬ್ಬರು. ರಾತ್ರಿ ಹನ್ನೊಂದಕ್ಕೆ ಅವಳು ಇಂಗ್ಲಿಷ್ ಕಾನೂನು ಪುಸ್ತಕದ ಮುಂದೆ ತಲೆ ಹಿಡಿದು ಕೂತಿದ್ದರೆ, ನಾನು ಚೈನೀಸ್ ಡಿಕ್ಷನರಿ ಹಿಡಿದು ಕೂತಿರುತ್ತಿದ್ದೆ. ಇಬ್ಬರಿಗೂ ಕಷ್ಟ ಒಂದೇ. ಹಾಗಾಗಿ ಯಾರೂ ಯಾರ ಮುಂದೆಯೂ ದೊಡ್ಡವರಾಗಲಿಲ್ಲ. ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೆ 'ಜ್ಯೆ' ಅಂತ ಕರೆಯುತ್ತಿದ್ದೆ. ಅಂದರೆ ಅಕ್ಕ.

ನನಗೆ ಒಂದು ಅನುಕೂಲ ಇತ್ತು. ಹಳ್ಳಿಯ ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಶ ಬೇರೆ, ಷ ಬೇರೆ ಅಂತ 'ಶೇಷ' ಪದವನ್ನು ನೂರು ಸಲ ಹೇಳಿಸಿದ್ದರು. ಯಾಕಪ್ಪಾ ಇದು ಅನಿಸುತ್ತಿತ್ತು ಆಗ. ಚೈನೀಸ್‌ನಲ್ಲಿ ಈ ವ್ಯತ್ಯಾಸ ಜೀವಂತವಾಗಿದೆ. ನಾಲಿಗೆ ಮೇಲಕ್ಕೆ ಮಡಚಿದರೆ ನಮ್ಮ ಷ, ಮುಂದಕ್ಕೆ ಚಪ್ಪಟೆಯಾಗಿಟ್ಟರೆ ನಮ್ಮ ಶ. 'ಷಾಂಗ್‌ಯೋ' ಅಂದರೆ ನದಿಯ ಮೇಲ್ಭಾಗ. 'ಶ್ಯಾಯೋ' ಅಂದರೆ ಕೆಳಭಾಗ. ಅಮೆರಿಕದ ಗೆಳೆಯರಿಗೆ ಇವೆರಡೂ ಒಂದೇ ಥರ ಬಾಯಿಗೆ ಬರುತ್ತಿದ್ದವು. ನನಗೆ ಮೊದಲ ದಿನದಿಂದಲೇ ಸರಿಯಾಗಿ ಬಂತು. ಮೇಷ್ಟ್ರನ್ನು ಎಷ್ಟು ನೆನೆಸಿಕೊಂಡಿದ್ದೇನೋ!

ಆ ಎರಡು ಪದಗಳ ಮೇಲೆಯೇ ನನ್ನ ಎರಡು ವರ್ಷ ಕಳೆಯಿತು. ಎಂ.ಎ.ಗೆ ಪ್ರಬಂಧವನ್ನು ಚೈನೀಸ್‌ನಲ್ಲೇ ಬರೆಯಬೇಕು, ವೈವಾ ಕೂಡ ಚೈನೀಸ್‌ನಲ್ಲೇ. ನಾನು ಬ್ರಹ್ಮಪುತ್ರ ಆರಿಸಿಕೊಂಡೆ. ಟಿಬೆಟ್‌ನಲ್ಲಿ ಅದರ ಹೆಸರು ಯಾರ್ಲುಂಗ್ ತ್ಸಾಂಗ್‌ಪೋ. ಅಲ್ಲಿ ಮೇಲೆ ಚೀನಾ, ಕೆಳಗೆ ನಾವು; ಕಾವೇರಿಯಲ್ಲಿ ಮೇಲೆ ನಾವು, ಕೆಳಗೆ ತಮಿಳುನಾಡು. ಗಡಿ ದಾಟುವ ನದಿಗಳ ಬಗ್ಗೆ 1997ರಲ್ಲಿ ವಿಶ್ವಸಂಸ್ಥೆಯಲ್ಲಿ ಒಂದು ಒಪ್ಪಂದ ಮತಕ್ಕೆ ಬಂತು. ವಿರುದ್ಧ ಮತ ಹಾಕಿದ್ದು ಮೂರೇ ದೇಶ: ಚೀನಾ, ಟರ್ಕಿ, ಬುರುಂಡಿ. ಭಾರತ ಯಾವ ಕಡೆಗೂ ಮತ ಹಾಕಲಿಲ್ಲ. ಒಂದು ರಾತ್ರಿ ನಾನು ಜ್ಯೆ ಮುಂದೆ ಜೋರು ಮಾಡುತ್ತಿದ್ದೆ. ಕೆಳಗಿರುವವರ ಪಾಲು ಕೇಳದೆ ಮೇಲಿನವರು ಅಣೆಕಟ್ಟು ಕಟ್ಟಬಾರದು, ಲೆಕ್ಕ ಕೊಡಬೇಕು, ಹೀಗೆ. ಅವಳು ಪೂರ್ತಿ ಕೇಳಿಸಿಕೊಂಡಳು. ಬಿಸಿನೀರಿನ ಫ್ಲಾಸ್ಕ್ ಮುಚ್ಚಳ ತಿರುಗಿಸುತ್ತಾ ಮೆಲ್ಲಗೆ ಹೇಳಿದಳು: "ಕಾವೇರಿ ವಿಷಯದಲ್ಲಿ ನೀನು ಚೀನಾದ ಥರ ಮಾತಾಡ್ತೀಯ. ಬ್ರಹ್ಮಪುತ್ರ ಅಂದ ತಕ್ಷಣ ತಮಿಳುನಾಡಿನ ಥರ."

ನನಗೆ ಮಾತೇ ಹೊರಡಲಿಲ್ಲ. ಅವತ್ತು ನಿದ್ದೆಯೂ ಬರಲಿಲ್ಲ. ಕೆಆರ್‌ಎಸ್ ಖಾಲಿಯಾದಾಗ ಅಪ್ಪನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ತಂಜಾವೂರಿನಲ್ಲೂ ಅಂಥ ಒಬ್ಬ ಅಪ್ಪ ಇರುತ್ತಾನೆ ಅಂತ ನಾನು ಕೂತು ಯೋಚಿಸಿರಲೇ ಇಲ್ಲ. ಬೆಳಿಗ್ಗೆ ಎದ್ದು ಪ್ರಬಂಧದ ಮೂರನೇ ಅಧ್ಯಾಯ ಹರಿದುಹಾಕಿ ಹೊಸದಾಗಿ ಬರೆದೆ. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದು ಅದರ ಮೇಲೆಯೇ, ನನಗೆ ಜಾಸ್ತಿ ಧೈರ್ಯ ಇದ್ದದ್ದೂ ಅಲ್ಲೇ.

ಅಲ್ಲಿ ಓದಿದರೆ ಏನು ಕೆಲಸ ಸಿಗುತ್ತದೆ ಅಂತ ಈಗ ಅನೇಕರು ಕೇಳುತ್ತಾರೆ. ಇಂಥದ್ದೇ ಅಂತ ಇಲ್ಲ. ನಮ್ಮ ಜೊತೆಯವರಲ್ಲಿ ಒಬ್ಬ ಅಮೆರಿಕದ ವಿದೇಶಾಂಗ ಸೇವೆಗೆ ಹೋದ, ಒಬ್ಬಳು ಹೈಸ್ಕೂಲಿನಲ್ಲಿ ಚೈನೀಸ್ ಕಲಿಸುತ್ತಾಳೆ, ಇಬ್ಬರು ಪಿಎಚ್‌ಡಿ ಹಿಡಿದಿದ್ದಾರೆ. ಜ್ಯೆ ಶಾಂಘೈನಲ್ಲಿ ವಕೀಲೆ, ದಿನವಿಡೀ ಇಂಗ್ಲಿಷ್ ಕರಾರುಗಳನ್ನು ಓದುತ್ತಾಳೆ. ನಾನು ಪೀಣ್ಯದಲ್ಲಿ ಚೀನಾದಿಂದ ಬರುವ ಯಂತ್ರಗಳ ಕರಾರು, ಮ್ಯಾನುಯಲ್ ನೋಡುತ್ತೇನೆ. ನದಿಯ ಕೆಲಸ ಸಿಕ್ಕಿಲ್ಲ. ಆ ಬೇಜಾರು ಇದೆ. ಆದರೆ ಎರಡು ಕಡೆಯವರು ಫೋನಿನಲ್ಲಿ ಕೂಗಾಡುವಾಗ ನಡುವೆ ಕೂತು, ಅವರು ನಿಜವಾಗಿ ಕೇಳುತ್ತಿರುವುದು ಏನು ಅಂತ ಹೇಳಬಲ್ಲೆ. ಅದನ್ನು ನಾನು ಕಲಿತಿದ್ದು ಆ ರೂಮಿನಲ್ಲಿ.

2020ರಲ್ಲಿ ವೀಚ್ಯಾಟ್, ಅಂದರೆ ಚೀನಾದವರು ಮೆಸೇಜ್ ಮಾಡಲು ಬಳಸುವ ಆ್ಯಪ್, ನಮ್ಮಲ್ಲಿ ಬಂದ್ ಆಯಿತು. ನೇರ ವಿಮಾನವೂ ನಿಂತುಹೋಯಿತು, ಮತ್ತೆ ಶುರುವಾಗಲು 2025ರ ಅಕ್ಟೋಬರ್ ಬರಬೇಕಾಯಿತು. ಅಷ್ಟು ದಿನ ನಾವಿಬ್ಬರೂ ಇಮೇಲ್ ಬರೆದುಕೊಂಡೇ ಇದ್ದೆವು, ಈಗಲೂ ಅದೇ. ಅವಳು ಇಂಗ್ಲಿಷ್‌ನಲ್ಲಿ, ನಾನು ಚೈನೀಸ್‌ನಲ್ಲಿ. ಪ್ರತಿ ಜುಲೈನಲ್ಲಿ ಅವಳದ್ದು ಒಂದೇ ಪ್ರಶ್ನೆ: ನಿಮ್ಮ ಅಪ್ಪನ ಅಣೆಕಟ್ಟಿನಲ್ಲಿ ನೀರು ಎಷ್ಟಿದೆ? ತುಂಬಿದ್ದರೆ 124.80 ಅಡಿ ಅಂತ ಬರೆಯುತ್ತೇನೆ. ಮೀಟರ್‌ನಲ್ಲಿ ಹೇಳು ಅನ್ನುತ್ತಾಳೆ. 38 ಮೀಟರ್, ಜ್ಯೆ.