ಹೂ ಕಟ್ಟುವ ದಾರದಲ್ಲಿ ಅಮೆರಿಕ

ಕಳೆದ ಡಿಸೆಂಬರಿನಲ್ಲಿ ಅಕ್ಕನನ್ನು ಸ್ಯಾನ್ ಫ್ರಾನ್ಸಿಸ್ಕೋ ವಿಮಾನಕ್ಕೆ ಬಿಟ್ಟು ಮಂಡ್ಯಕ್ಕೆ ವಾಪಸ್ ಬಂದಾಗ ಸಂಜೆ ನಾಲ್ಕು. ಬೆಳಿಗ್ಗೆ ಏಳಕ್ಕೆ ಹೊರಟವರು ದೇವನಹಳ್ಳಿ ಮುಟ್ಟಿದ್ದು ಹತ್ತೂವರೆಗೆ. ಎಕ್ಸ್‌ಪ್ರೆಸ್‌ವೇ ಆದಮೇಲೆ ಕೆಂಗೇರಿವರೆಗೆ ತಲೆನೋವಿಲ್ಲ, ಆಮೇಲಿನ ಹೆಬ್ಬಾಳದ ಕಥೆ ಎಲ್ಲರಿಗೂ ಗೊತ್ತು.

ಜಗಲಿಯಲ್ಲಿದ್ದ ಅಪ್ಪ ಕೇಳಿದರು, "ಏಸ್ ದೂರ ಆಯ್ತದ್ಲಾ ಅಲ್ಗೆ?"

"14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹದಿನೇಳು ಗಂಟೆ."

"ಯಾವ್ ಕಡಿಂದ ಹೋದ್ರೆ?"

ಅದು ನನಗೂ ಗೊತ್ತಿರಲಿಲ್ಲ. ಮಗಳ ಗ್ಲೋಬ್ ತಂದಿಟ್ಟೆ. ಕನಕಾಂಬರ ಕಟ್ಟುತ್ತಿದ್ದ ಅಮ್ಮ ದಾರ ಹರಿದುಕೊಟ್ಟಳು. ಅಪ್ಪ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದರು. ಮಂಡ್ಯ, ಮೈಸೂರು ಎರಡೂ ಅವರ ಹೆಬ್ಬೆರಳಿನಡಿ ಹೋದವು. ಇನ್ನೊಂದು ತುದಿ ನನ್ನ ಕೈಲಿ. ನಾನು ಸುಮ್ಮನೆ ಮೂಡಲಿಗೆ ಹಾಸಿದ್ದೆ. ಎಳೆದು ಬಿಗಿ ಮಾಡಿದ ಕೂಡಲೇ ದಾರ ಜಾರಿ ಮೇಲಕ್ಕೇರಿತು. ಹಿಮಾಲಯ, ಚೀನಾ, ಸೈಬೀರಿಯಾ, ಅಲಾಸ್ಕಾ, ಅಲ್ಲಿಂದ ಕೆಳಕ್ಕೆ. ಗೋಡೆ ಮೇಲಿನ ಚಪ್ಪಟೆ ನಕ್ಷೆ ನೋಡಿದವರಿಗೆ ಇದು ಹೊಳೆಯುವುದೇ ಇಲ್ಲ. ಅಪ್ಪ ದಾರವನ್ನು ಅಳೆದರು: ಒಂದೂವರೆ ಗೇಣು.

"ಒಂದ್ ಮೊಳಾನೂ ಇಲ್ಲ" ಅಂದಳು ಅಮ್ಮ.

2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದಿದ್ದರು ಅಂತ ಹೇಳಿದೆ. ಅಪ್ಪನಿಗೆ ಖುಷಿಯಾಯಿತು. ಆದರೆ ಮೊಬೈಲ್ ತೆಗೆದು ನೋಡಿದರೆ ಅಕ್ಕನ ವಿಮಾನ ನಮ್ಮ ದಾರಕ್ಕೆ ಕವಡೆ ಕಿಮ್ಮತ್ತೂ ಕೊಡದೆ ಬಂಗಾಳ ಕೊಲ್ಲಿ ಕಡೆ ಹೊರಟಿತ್ತು! ಅಷ್ಟು ಎತ್ತರದಲ್ಲಿ ಪಡುವಲಿಂದ ಮೂಡಲಿಗೆ ಜೋರು ಗಾಳಿ ಬೀಸುತ್ತದೆ, ಸುತ್ತಾದರೂ ಅದು ಹಿಂದಿನಿಂದ ತಳ್ಳಿದರೆ ಹೊತ್ತೂ ಉಳಿಯುತ್ತದೆ, ಎಣ್ಣೆಯೂ ಉಳಿಯುತ್ತದೆ ಅಂತ ವಿವರಿಸಲು ಹೊರಟೆ. ಅಪ್ಪ ಮಧ್ಯಕ್ಕೇ ತಡೆದರು.

"ಗೊತ್ತಾಯ್ತು ಬುಡು. ಗದ್ದೆ ಬದಿನ್ ಮೇಲೆ ಬರೋದ್ಕಿಂತ ನಾಲೆ ಏರಿ ಸುತ್ಕೊಂಡ್ ಬಂದ್ರೆ ಬ್ಯಾಗ ಮನೆ ಸೇರ್ತೀವಲ್ಲ, ಹಂಗೆ."

ನನ್ನ ವಿವರಣೆ ಅಲ್ಲಿಗೇ ನಿಂತಿತು.

ಮಾರನೆ ಬೆಳಿಗ್ಗೆ ಏಳೂವರೆಗೆ ಫೋನು. "ಇಳಿದೆ ಕಣಮ್ಮ. ಇಲ್ಲಿ ಇನ್ನೂ ನಿನ್ನೆ ಸಂಜೆ ಆರು."

ಅಮ್ಮ ಬೆರಳು ಮಡಚಿದಳು. ನಿನ್ನೆ ಎರಡೂವರೆಗೆ ಹೊರಟವಳು ನಿನ್ನೆ ಆರಕ್ಕೇ ಇಳಿದಿದ್ದಾಳೆ. ಮೂರೂವರೆ ಗಂಟೆ. ನಾವು ಏರ್‌ಪೋರ್ಟಿಗೆ ಹೋಗಲು ಹಿಡಿದದ್ದೂ ಅಷ್ಟೇ. ಗಡಿಯಾರಗಳ ನಡುವೆ ಹದಿಮೂರೂವರೆ ಗಂಟೆ ವ್ಯತ್ಯಾಸ ಇದೆ ಅಂತ ನಾನು ಹೇಳುತ್ತಲೇ ಇದ್ದೆ, ಅವಳ ಯೋಚನೆ ಬೇರೆ ಇತ್ತು.

"ನಿನ್ನೆ ರಾತ್ರಿ ಊಟ ಮಾಡಿದ್ಯಾ?"

"ವಿಮಾನದಲ್ಲಿ ಎರಡು ಸಲ ಕೊಟ್ಟರಮ್ಮ. ನಿನ್ನೆ ರಾತ್ರಿ ಇಲ್ಲಿ ಇನ್ನೂ ಬಂದಿಲ್ಲ."

"ಬಂದ್ ಮೇಲೆ ಉಣ್ಣು ಮತ್ತೆ. ಚಟ್ನಿಪುಡಿ ಕಪ್ಪು ಬ್ಯಾಗಲ್ಲಿದೆ."